ಎದ್ದು ನಿಲ್ಲಿಸುವುದೂ ಚಿಕಿತ್ಸೆಯೇ

ಹೊಸದಾಗಿ ನೆಟ್ಟ ಅಡಿಕೆ ಸಸಿ ಮಳೆಗಾಲದ ಗಾಳಿಗೆ ವಾಲಿದರೆ ನಾವೇನು ಮಾಡುತ್ತೇವೆ? ಬುಡಕ್ಕೆ ಮಣ್ಣು ಏರಿಸಿ, ಪಕ್ಕದಲ್ಲಿ ಒಂದು ಕೋಲು ಊರಿ, ಸಡಿಲವಾಗಿ ಕಟ್ಟಿ, ಬೇರು ಹಿಡಿಯುವ ತನಕ ನೋಡಿಕೊಳ್ಳುತ್ತೇವೆ. ‘ಇದರ ಹಣೆಬರಹ ಇಷ್ಟೇ’ ಎಂದು ಯಾವ ಕೃಷಿಕನೂ ಕೈಬಿಡುವುದಿಲ್ಲ. ಆದರೆ ಅದೇ ತೋಟದ ಯಜಮಾನನಿಗೆ ಲಕ್ವ ಹೊಡೆದು, ಹತ್ತು ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದಾಗ ನಮ್ಮ ಮಾತು ಬದಲಾಗುತ್ತದೆ. ‘ಜೀವ ಉಳಿಯಿತಲ್ಲ, ಅದೇ ದೊಡ್ಡದು; ಇನ್ನು ಅವರನ್ನು ಕಷ್ಟಪಡಿಸುವುದು ಬೇಡ’ ಎನ್ನುತ್ತೇವೆ. ಜಗಲಿಯಲ್ಲಿ ಒಂದು ಕುರ್ಚಿ, ಒಳಗೆ ಒಂದು ಮಂಚ, ಇವೆರಡರ ನಡುವೆ ಅವರ ಉಳಿದ ಆಯುಷ್ಯ ಕಳೆಯುತ್ತದೆ.

ಈ ಪದ್ಧತಿ ಸರಿಯಲ್ಲ ಎಂದು ಹೇಳುವುದೇ ಈ ಲೇಖನದ ಉದ್ದೇಶ. ಲಕ್ವ ಹೊಡೆದವರು ಮತ್ತೆ ನೆಟ್ಟಗೆ ನಿಲ್ಲುವುದು, ನಿಂತಲ್ಲಿಂದ ಬೀಳದೆ ನಾಲ್ಕು ಹೆಜ್ಜೆ ಇಡುವುದು ಕೇವಲ ಅದೃಷ್ಟದ ಮಾತಲ್ಲ. ಬಹಳ ಮಂದಿಯಲ್ಲಿ ಅದು ಕಲಿಸಿದರೆ ಬರುವ ವಿದ್ಯೆ. ಕಲಿಯಲು ಕಾಲಾವಕಾಶ ಬೇಕು, ಕಲಿಸಲು ತರಬೇತಾದವರು ಬೇಕು, ಅಭ್ಯಾಸ ಮಾಡಿಸಲು ಮನೆಯವರು ಬೇಕು. ಮೂರರಲ್ಲಿ ಒಂದು ತಪ್ಪಿದರೂ ಫಲ ಕಡಿಮೆ.

ಸಮತೋಲ ಎಲ್ಲಿಂದ ಬರುತ್ತದೆ?

ತೋಟದ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕವನ್ನು ದಾಟುವವನನ್ನು ನೆನಪಿಸಿಕೊಳ್ಳಿ. ಕಣ್ಣು ಮುಂದಿನ ದಡವನ್ನು ನೋಡುತ್ತದೆ. ಅಂಗಾಲು ಮತ್ತು ಕಾಲಿನ ಕೀಲುಗಳು ಮರದ ಉರುಟು, ಜಾರು, ಅಲುಗಾಟಗಳನ್ನು ತಿಳಿಸುತ್ತವೆ. ಒಳಕಿವಿಯಲ್ಲಿರುವ ಒಂದು ಸೂಕ್ಷ್ಮ ಅಂಗವು ತಲೆ ಎತ್ತ ವಾಲಿದೆ ಎಂಬುದನ್ನು ಹೇಳುತ್ತದೆ. ಈ ಮೂರೂ ಕಡೆಯ ಸುದ್ದಿಯನ್ನು ಮೆದುಳು ಒಟ್ಟುಗೂಡಿಸಿ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಸೊಂಟಕ್ಕೂ ಮೊಣಕಾಲಿಗೂ ಪಾದಕ್ಕೂ ಅಪ್ಪಣೆ ಕೊಡುತ್ತದೆ. ನಾವು ಸುಮ್ಮನೆ ನಿಂತಿದ್ದೇವೆ ಎಂದುಕೊಂಡಾಗಲೂ ಈ ಕೆಲಸ ನಿಲ್ಲುವುದಿಲ್ಲ.

ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಅಲ್ಲಿನ ಒಂದು ಭಾಗ ಸಾಯುತ್ತದೆ. ಆಗ ಕೈಕಾಲಿನ ಬಲ ಕುಗ್ಗುವುದು ಎಲ್ಲರಿಗೂ ಕಾಣುತ್ತದೆ. ಸುದ್ದಿ ಒಟ್ಟುಗೂಡಿಸುವ ವ್ಯವಸ್ಥೆ ಕೆಟ್ಟಿರುವುದು ಮಾತ್ರ ಹೊರಗೆ ಕಾಣುವುದಿಲ್ಲ. ಕಾಲಿನಲ್ಲಿ ಸಾಕಷ್ಟು ಬಲ ಮರಳಿದ ಮೇಲೂ ಕೆಲವರು ನಿಂತೊಡನೆ ವಾಲುವುದು ಇದೇ ಕಾರಣಕ್ಕೆ. ಹೆಚ್ಚಿನವರು ದೇಹದ ಭಾರವನ್ನೆಲ್ಲ ಸರಿಯಿರುವ ಕಾಲಿನ ಮೇಲೆ ಹಾಕಿ, ಬಲಹೀನ ಕಾಲನ್ನು ಊರುಗೋಲಿನಂತೆ ಬದಿಗಿರಿಸಿ ನಿಲ್ಲುತ್ತಾರೆ. ಆ ಕಾಲಿಗೆ ಭಾರ ಬೀಳದಿದ್ದರೆ ಅದು ಭಾರ ಹೊರುವುದನ್ನು ಮರೆಯುತ್ತದೆ, ಎಲುಬೂ ಸವೆಯುತ್ತದೆ. ಮುಂದೆ ಬಿದ್ದಾಗ ಸೊಂಟದ ಎಲುಬು ಮುರಿಯುವುದು ಹೆಚ್ಚಾಗಿ ಅದೇ ಬದಿಯಲ್ಲಿ.

ಇನ್ನು ಕೆಲವರ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವರು ಸರಿಯಿರುವ ಕೈಕಾಲಿನಿಂದಲೇ ತಮ್ಮನ್ನು ಬಲಹೀನ ಬದಿಗೆ ನೂಕಿಕೊಳ್ಳುತ್ತಾರೆ. ನಾವು ನೆಟ್ಟಗೆ ಮಾಡಲು ಎಳೆದರೆ ಇನ್ನೂ ಜೋರಾಗಿ ನೂಕುತ್ತಾರೆ. ‘ಇದು ಹಟ’ ಎಂದು ಮನೆಯವರು ಬೈಯುವುದುಂಟು. ಹಟ ಖಂಡಿತ ಅಲ್ಲ. ಅವರ ಮೆದುಳಿಗೆ ವಾಲಿದ ಸ್ಥಿತಿಯೇ ನೇರವೆಂದು ತೋರುತ್ತದೆ. ಆದ್ದರಿಂದ ನಾವು ನೇರ ಮಾಡಿದಾಗ ಬೀಳುತ್ತೇನೆಂಬ ಭಯವಾಗುತ್ತದೆ. ಇಂಥವರನ್ನು ಎಳೆಯುವ ಬದಲು, ಎದುರಿಗಿರುವ ಬಾಗಿಲ ದಾರಂದವನ್ನೋ ಜಗಲಿಯ ಕಂಬವನ್ನೋ ತೋರಿಸಿ ‘ಅದು ನೇರ ಇದೆ, ಅದಕ್ಕೆ ಸಮನಾಗಿ ನಿಲ್ಲಿ’ ಎಂದು ಕಣ್ಣಿನ ಸಹಾಯದಿಂದ ಕಲಿಸಬೇಕಾಗುತ್ತದೆ. ಇದನ್ನು ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಬಲ್ಲರು.

ಯಾವಾಗ ಆರಂಭಿಸಬೇಕು?

ಲಕ್ವ ಅಪರೂಪದ ಕಾಯಿಲೆಯಲ್ಲ. ತಿರುವನಂತಪುರದಲ್ಲಿ 2005ರಲ್ಲಿ ಪಟ್ಟಣ ಮತ್ತು ಹಳ್ಳಿಗಳಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 135 ಮಂದಿಗೆ ಹೊಸದಾಗಿ ಲಕ್ವ ಹೊಡೆಯುವುದು ಕಂಡುಬಂದಿತ್ತು. ಮುಖ ಸೊಟ್ಟಗಾಗುವುದು, ಒಂದು ಕೈ ಜೋತುಬೀಳುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ನಿಲ್ಲಲಾಗದೆ ವಾಲುವುದು, ಇವುಗಳಲ್ಲಿ ಯಾವುದು ಕಂಡರೂ ಗಡಿಯಾರ ನೋಡಿಕೊಂಡು ತಕ್ಷಣ ಹೊರಡಬೇಕು. ರಕ್ತದ ಹೆಪ್ಪು ಕರಗಿಸುವ ಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ‘ಬೆಳಿಗ್ಗೆ ನೋಡುವಾ’ ಎನ್ನುವುದು ಇಲ್ಲಿ ಸಲ್ಲದು.

ಜೀವದ ಅಪಾಯ ಕಳೆದ ಮೇಲೆ ಎದ್ದು ನಿಲ್ಲಿಸುವ ಪ್ರಶ್ನೆ. ಇಲ್ಲಿ ಅತಿ ಅವಸರವೂ ಬೇಡ, ಉದಾಸೀನವೂ ಬೇಡ. 2015ರಲ್ಲಿ ಪ್ರಕಟವಾದ, ಹಲವು ದೇಶಗಳ 2104 ರೋಗಿಗಳು ಪಾಲ್ಗೊಂಡ ಒಂದು ಅಧ್ಯಯನದಲ್ಲಿ, ಮೊದಲ 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿ ನಡೆಸಿದವರ ಗುಣಮುಖತೆ ಉಳಿದವರಿಗಿಂತ ಸ್ವಲ್ಪ ಹಿಂದೆಯೇ ಬಿತ್ತು. ಆದ್ದರಿಂದ ಮೊದಲ ದಿನ ವೈದ್ಯರ ಮಾತೇ ಅಂತಿಮ. ಆದರೆ ಆಮೇಲಿನ ಮೂರು ತಿಂಗಳು ಬಂಗಾರದಂತಹವು. ಆಗ ಮೆದುಳು ಹೊಸ ದಾರಿ ಕಂಡುಕೊಳ್ಳುವ ವೇಗ ಹೆಚ್ಚು. ಆರು ತಿಂಗಳ ನಂತರವೂ ಸುಧಾರಣೆ ನಿಂತುಹೋಗುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಬಿತ್ತನೆಯ ಹದ ತಪ್ಪಿದರೆ ಬೆಳೆ ಬಡವಾಗುವಂತೆ, ಈ ಮೂರು ತಿಂಗಳನ್ನು ಮಂಚದಲ್ಲಿ ಕಳೆದರೆ ನಷ್ಟ ದೊಡ್ಡದು.

ನಮ್ಮಲ್ಲಿ ನಡೆಯುತ್ತಿರುವುದೇನು? ಮೊದಲ ಹತ್ತು ದಿನಗಳ ಆಸ್ಪತ್ರೆ ಬಿಲ್ಲಿಗೆ ಒಳಗಿಟ್ಟ ಅಡಿಕೆಯನ್ನೂ ಮಾರುತ್ತೇವೆ, ಸಾಲವನ್ನೂ ಮಾಡುತ್ತೇವೆ. ಮುಂದಿನ ನೂರು ದಿನಗಳಿಗೆ ನೂರು ರೂಪಾಯಿ ತೆಗೆದಿಡುವುದಿಲ್ಲ. ಬಿಡುಗಡೆಯ ಚೀಟಿಯಲ್ಲಿ ಫಿಸಿಯೋಥೆರಪಿ ಎಂದು ಬರೆದಿದ್ದರೂ ಅದನ್ನು ‘ಬೇಕಿದ್ದರೆ ಮಾಡಬಹುದಾದದ್ದು’ ಎಂದು ತಿಳಿಯುತ್ತೇವೆ. ಎಣ್ಣೆ ತಿಕ್ಕಿಸುವುದಕ್ಕೆ ಮಾತ್ರ ತಿಂಗಳುಗಟ್ಟಲೆ ಜನ ಹುಡುಕುತ್ತೇವೆ. ಎಣ್ಣೆ ತಿಕ್ಕಿದರೆ ಮೈಗೆ ಹಾಯೆನಿಸಬಹುದು, ಅದನ್ನು ಬೇಡವೆನ್ನುವುದಿಲ್ಲ. ಆದರೆ ಮಲಗಿಸಿ ತಿಕ್ಕಿದ ಮಾತ್ರಕ್ಕೆ ನಿಲ್ಲುವ ಸಮತೋಲ ಬರುವುದಿಲ್ಲ. ನಿಲ್ಲುವುದನ್ನು ನಿಂತೇ ಕಲಿಯಬೇಕು. ದಡದಲ್ಲಿ ಕುಳಿತು ಈಜು ಕಲಿತವರಿಲ್ಲ.

ಮನೆಯವರ ಪ್ರೀತಿ ಮಾತ್ರ ಸಾಕೇ?

‘ಫಿಸಿಯೋಥೆರಪಿಸ್ಟ್ ಯಾಕೆ, ಮಗ ಸೊಸೆ ಇದ್ದಾರಲ್ಲ, ಅವರೇ ಮಾಡಿಸಲಿ’ ಎಂಬ ಮಾತು ಕೇಳಿಬರುತ್ತದೆ. ಈ ಪ್ರಶ್ನೆಯನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಲಾಗಿದೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ಲಕ್ವ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟರು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 2017ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಮೃತಪಟ್ಟವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ನೂರಕ್ಕೆ 47ರಷ್ಟಿದ್ದರು. ವ್ಯತ್ಯಾಸವೇ ಇರಲಿಲ್ಲ.

ಇದರಿಂದ ಮನೆಯವರ ಸೇವೆ ವ್ಯರ್ಥವೆಂದು ಅರ್ಥ ಮಾಡಬಾರದು. ಈ ಅಧ್ಯಯನ ನಿಲ್ಲುವ ಸಮತೋಲವೊಂದನ್ನೇ ಅಳೆದದ್ದೂ ಅಲ್ಲ. ಆದರೆ ಒಂದು ಪಾಠ ಸ್ಪಷ್ಟ: ತರಬೇತಾದವರ ಕೆಲಸವನ್ನು ಪೂರ್ತಿಯಾಗಿ ಮನೆಯವರ ಹೆಗಲಿಗೆ ಹೊರಿಸಿ ಕೈತೊಳೆದುಕೊಂಡರೆ ಆಗದು. ಬೆಳಿಗ್ಗೆ ಐದಕ್ಕೆ ಎದ್ದು ಹಟ್ಟಿ ಕೆಲಸ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಅಂಗಳದ ಅಡಿಕೆ ತೆಗೆದು ಹರಡುವ ಸೊಸೆಯ ಮೇಲೆ ಇನ್ನೊಂದು ವೃತ್ತಿಯನ್ನು ಹೇರುವುದು ನ್ಯಾಯವೂ ಅಲ್ಲ. ಇವತ್ತು ಎಷ್ಟು ಹೊತ್ತು ನಿಲ್ಲಿಸಬೇಕು, ಯಾವ ಕಾಲಿಗೆ ಎಷ್ಟು ಭಾರ, ಮುಂದಿನ ವಾರ ಏನು ಹೊಸತು ಎಂದು ತೀರ್ಮಾನಿಸುವುದು ಫಿಸಿಯೋಥೆರಪಿಸ್ಟರ ಕೆಲಸ. ಅವರು ಹೇಳಿದ್ದನ್ನು ದಿನಕ್ಕೆ ಮೂರು ನಾಲ್ಕು ಬಾರಿ ತಪ್ಪದೆ ಅಭ್ಯಾಸ ಮಾಡಿಸುವುದು ಮನೆಯವರ ಕೆಲಸ. ಆ ಮನೆಯವರ ಪಟ್ಟಿಯಲ್ಲಿ ಗಂಡುಮಕ್ಕಳ ಹೆಸರೂ ಇರಲಿ.

ಮಂಗಳೂರೊಂದೇ ದಾರಿಯೇ?

ಕಾಸರಗೋಡಿನ ಉತ್ತರ ಭಾಗದ ನಮಗೆ ಕಾಯಿಲೆಯೆಂದರೆ ಮಂಗಳೂರು. ಫಾದರ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಔಷಧ ಕೊಡಲು ಆರಂಭಿಸಿದ ಕಾಲದಿಂದ ಈ ಭಾಗದ ಜನ ಆ ಊರನ್ನು ನಂಬಿದ್ದಾರೆ. ಇಂದೂ ಅಲ್ಲಿ ಒಳ್ಳೆಯ ಆಸ್ಪತ್ರೆಗಳೂ ಫಿಸಿಯೋಥೆರಪಿ ಕಾಲೇಜುಗಳೂ ಇವೆ. ಆದರೆ ಲಕ್ವದ ಮೊದಲ ಚಿಕಿತ್ಸೆಗೆ ಒಮ್ಮೆ ಐವತ್ತು ಕಿಲೋಮೀಟರು ಹೋಗುವುದು ಬೇರೆ, ನಿಲ್ಲಲು ಕಲಿಯುವುದಕ್ಕಾಗಿ ವಾರಕ್ಕೆ ಮೂರು ಬಾರಿ ಹೋಗುವುದು ಬೇರೆ. ಕಾರು ಬಾಡಿಗೆ, ಜೊತೆಗೆ ಹೋಗುವವರ ಒಂದು ದಿನದ ಕೆಲಸ, ದಾರಿಯ ಕುಲುಕಾಟ, ಇವೆಲ್ಲ ಸೇರಿ ಎರಡನೇ ವಾರಕ್ಕೇ ಉತ್ಸಾಹ ಇಳಿಯುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣದಿಂದ ತಲಪಾಡಿ ಗಡಿ ಮುಚ್ಚಿದ್ದನ್ನು ಯಾರೂ ಮರೆತಿರಲಾರರು. ರಸ್ತೆಗೆ ಮಣ್ಣು ಸುರಿದರು. ಆಂಬುಲೆನ್ಸುಗಳು ಮರಳಿ ಬಂದವು. ಮಂಗಳೂರು ತಲುಪಲಾಗದೆ ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ನೀಡಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ಆಗ ತರಾತುರಿಯಿಂದ ಕೊರೋನಾ ಆಸ್ಪತ್ರೆ ತೆರೆಯಲಾಯಿತು. ಹತ್ತಿರದ ಆಸ್ಪತ್ರೆ ಎಂಬುದು ಎಷ್ಟು ಮುಖ್ಯ ಎಂದು ಆ ವಾರಗಳು ನಮಗೆ ಕಲಿಸಿವೆ.

ಹತ್ತಿರದಲ್ಲಿ ಏನೂ ಇಲ್ಲವೆಂದೂ ಹೇಳುವಂತಿಲ್ಲ. ಕೇರಳ ಸರಕಾರ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ ಒಂದು ನೀತಿ ರೂಪಿಸಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದು. ಇದರಿಂದಾಗಿ ಪಂಚಾಯತಿನ ಪಾಲಿಯೇಟಿವ್ ದಾದಿ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಪಾಲಿಯೇಟಿವ್ ಎಂದರೆ ಸಾಯುವವರಿಗೆ ಮಾತ್ರ ಎಂಬ ತಪ್ಪು ತಿಳುವಳಿಕೆಯಿಂದ ಎಷ್ಟೋ ಕುಟುಂಬಗಳು ಹೆಸರು ಬರೆಸಲು ಹಿಂಜರಿಯುತ್ತವೆ. ಲಕ್ವ ಹೊಡೆದವರೂ ಅವರ ಪಟ್ಟಿಯಲ್ಲಿ ಸೇರುತ್ತಾರೆ. ಎಂಡೋಸಲ್ಫಾನ್ ಸಂತ್ರಸ್ತ ಮಕ್ಕಳ ಸಲುವಾಗಿ ಬಡ್ಸ್ ಶಾಲೆಗಳಲ್ಲಿ ಫಿಸಿಯೋಥೆರಪಿ ನಡೆಸಿದ ಜಿಲ್ಲೆ ನಮ್ಮದು. ಈ ಸೇವೆಯ ಬೆಲೆ ನಮಗೆ ಹೊಸದಾಗಿ ತಿಳಿಸಬೇಕಾಗಿಲ್ಲ.

ದಾದಿಯ ಜೊತೆಗೆ ಫಿಸಿಯೋಥೆರಪಿಸ್ಟರೂ ಮನೆಮನೆಗೆ ಬರುವ ವ್ಯವಸ್ಥೆ ಪ್ರತಿಯೊಂದು ಪಂಚಾಯತಿನಲ್ಲೂ ಆಗಬೇಕು. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯಿಂದ ಯೋಜನಾ ಹಣದ ಒಂದು ಪಾಲು ಪಂಚಾಯತಿನ ಕೈಯಲ್ಲಿದೆ. ಗ್ರಾಮಸಭೆಯಲ್ಲಿ ರಸ್ತೆಗೆ ಡಾಮರು ಕೇಳುವ ನಾವು ಇದನ್ನೂ ಕೇಳೋಣ. ಕೇಳದವನಿಗೆ ಕೊಡುವವರಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಲಕ್ವದಿಂದ ಕೆಲವರಿಗೆ ಮಾತು ಅರ್ಥಮಾಡಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಮನೆಯಲ್ಲಿ ಕೊಂಕಣಿ, ನೆರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಹಿರಿಯರಿಗೆ ಮಲಯಾಳದಲ್ಲಿ ‘ಭಾರ ಎಡಕ್ಕೆ ಹಾಕಿ’ ಎಂದರೆ ತಿಳಿಯದು. ತಿಳಿಯದೆ ಸುಮ್ಮನಿದ್ದುದನ್ನು ‘ಸಹಕರಿಸುವುದಿಲ್ಲ’ ಎಂದು ಬರೆದುಬಿಟ್ಟರೆ ಅನ್ಯಾಯ. ಫಿಸಿಯೋಥೆರಪಿಸ್ಟರ ಬಳಿಗೆ ಹೋಗುವಾಗ ಎರಡೂ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ. ವ್ಯಾಯಾಮದ ಸೂಚನೆಗಳನ್ನು ಕನ್ನಡದಲ್ಲಿ ಬರೆಸಿಕೊಂಡು ಗೋಡೆಗೆ ಅಂಟಿಸಿ. ಅಭ್ಯಾಸ ಮಾಡಿಸುವಾಗ ರೋಗಿಯ ಮನೆಮಾತಿನಲ್ಲೇ, ಒಮ್ಮೆಗೆ ಒಂದೇ ಮಾತು ಹೇಳಿ.

ಮನೆಯಲ್ಲಿ ಮಾಡುವ ಅಭ್ಯಾಸ

ಮುಂದೆ ಹೇಳುವುದು ಫಿಸಿಯೋಥೆರಪಿಸ್ಟರು ಒಮ್ಮೆ ನೋಡಿ ಒಪ್ಪಿದ ನಂತರ ಮಾಡತಕ್ಕದ್ದು. ಸಹಾಯಕರು ಬಲಹೀನ ಬದಿಯಲ್ಲಿ, ಸ್ವಲ್ಪ ಹಿಂದೆ ನಿಲ್ಲಬೇಕು. ರೋಗಿಯ ಸೊಂಟಕ್ಕೆ ಅಗಲವಾದ ಬೆಲ್ಟೋ ಮಡಚಿದ ಗಟ್ಟಿ ಬೈರಾಸೋ ಕಟ್ಟಿ ಅದನ್ನು ಹಿಡಿಯಬೇಕು. ಬಲಹೀನ ಕೈಯನ್ನು ಹಿಡಿದು ಎಳೆಯಲೇಬಾರದು. ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋವು ಕೊಡುತ್ತದೆ.

ಒಂದು: ಮೊದಲು ಕುಳಿತುಕೊಳ್ಳುವ ಸಮತೋಲ. ಎರಡೂ ಪಾದ ನೆಲಕ್ಕೆ ತಾಗುವ ಎತ್ತರದಲ್ಲಿ, ಒರಗದೆ ಕುಳಿತು, ಸರಿಯಿರುವ ಕೈಯಿಂದ ಮುಂದಿರುವ ಲೋಟವನ್ನು ಮುಟ್ಟಿ ಹಿಂದೆ ಬರುವುದು.

ಎರಡು: ಏಳುವುದು. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ಹಿಂದಕ್ಕೆ ಸರಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳುವುದು. ನಿಧಾನವಾಗಿ ಕೂರುವುದೂ ಅಭ್ಯಾಸವೇ, ಧೊಪ್ಪನೆ ಬೀಳಬಾರದು.

ಮೂರು: ಭಾರ ಹಂಚುವುದು. ಅಡುಗೆಮನೆಯ ಕಟ್ಟೆಯ ಎದುರು ನಿಂತು, ಹಿಂದೆ ಕುರ್ಚಿ ಇಟ್ಟುಕೊಂಡು, ಭಾರವನ್ನು ಮೆಲ್ಲನೆ ಬಲಹೀನ ಕಾಲಿಗೆ ದಾಟಿಸಿ ಮರಳಿ ತರುವುದು. ತೂಕ ನೋಡುವ ಯಂತ್ರ ಎರಡು ಸಿಕ್ಕಿದರೆ ಒಂದೊಂದು ಪಾದವನ್ನು ಒಂದೊಂದರ ಮೇಲಿಟ್ಟು ನೋಡಬಹುದು. ಅರುವತ್ತು ಕಿಲೋದವರಲ್ಲಿ ಒಂದು ಕಡೆ 45, ಇನ್ನೊಂದು ಕಡೆ 15 ತೋರಿಸಿದರೆ ವಿಷಯ ಅವರಿಗೇ ಮನದಟ್ಟಾಗುತ್ತದೆ. ವಾರ ವಾರ ಬರೆದಿಡಿ.

ನಾಲ್ಕು: ನಿಂತು ಕೆಲಸ. ಮೇಜಿನ ಮೇಲೆ ಒಣ ಅಡಿಕೆ ರಾಶಿ ಹಾಕಿ, ನಿಂತು ಚಾಲಿ ವಿಂಗಡಿಸಲಿ. ಒಂದು ಬದಿಯ ಬುಟ್ಟಿಯಿಂದ ಇನ್ನೊಂದು ಬದಿಗೆ ಹಾಕಲಿ. ಎಷ್ಟೋ ವ್ಯಾಯಾಮಕ್ಕೆ ಇದು ಸಮ. ಜೊತೆಗೆ, ತಾನು ಮನೆಗೆ ಭಾರವಲ್ಲ ಎಂಬ ಧೈರ್ಯವೂ ಬರುತ್ತದೆ.

ಕಣ್ಣು ಮುಚ್ಚಿ ನಿಲ್ಲುವುದು, ಮೆತ್ತನೆಯ ಹಾಸಿನ ಮೇಲೆ ನಿಲ್ಲುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು ಫಿಸಿಯೋಥೆರಪಿಸ್ಟರ ಎದುರಿನಲ್ಲೇ ಆಗಬೇಕು. ತಲೆ ಸುತ್ತು, ಎದೆನೋವು, ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ರಕ್ತದೊತ್ತಡದ ಮಾತ್ರೆಯನ್ನು ‘ಈಗ ಗುಣವಾಯಿತು’ ಎಂದು ಬಿಡಬೇಡಿ; ಇನ್ನೊಮ್ಮೆ ಲಕ್ವ ಹೊಡೆಯಲು ಅದೇ ದಾರಿ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು ಮಿತಿಯಲ್ಲಿರಲಿ.

ಮನೆ, ಅಂಗಳ, ತೋಟ

ಇಂಗ್ಲೆಂಡಿನಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ 108 ಲಕ್ವ ರೋಗಿಗಳನ್ನು ಗಮನಿಸಿದ, 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ತಿಂಗಳೊಳಗೆ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಬಿದ್ದಿದ್ದರು. ಸಮನೆಲದ ಮನೆಗಳಲ್ಲೇ ಹೀಗಾದರೆ, ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲು, ಒದ್ದೆ ಬಚ್ಚಲು, ಎತ್ತರದ ಹೊಸ್ತಿಲು ಇರುವ ನಮ್ಮ ಮನೆಗಳ ಪಾಡೇನು?

ಆದ್ದರಿಂದ ರೋಗಿ ಮನೆಗೆ ಬರುವ ಮುಂಚೆಯೇ ಬಚ್ಚಲಿನಲ್ಲಿ ಗೋಡೆಗೆ ಜಿ.ಐ. ಪೈಪಿನ ಹಿಡಿಕೆ ಹಾಕಿಸಿ. ಜಗಲಿಯಲ್ಲಿ ಸೊಂಟದೆತ್ತರಕ್ಕೆ ಎರಡು ಸಾಲು ಪೈಪು ಹಾಕಿದರೆ ಅದೇ ನಡೆಯಲು ಕಲಿಯುವ ಶಾಲೆಯಾಗುತ್ತದೆ. ಅಡಿಕೆ ಸಲಿಕೆ ಕಟ್ಟಿ ಕೆಲಸ ಮುಗಿಸಬೇಡಿ; ಗೆದ್ದಲು ತಿಂದದ್ದು ತಿಳಿಯುವುದು ಮುರಿದ ಮೇಲೆಯೇ. ರಾತ್ರಿ ಮಂಚದಿಂದ ಪಾಯಿಖಾನೆಯ ತನಕ ಬೆಳಕಿರಲಿ. ಹವಾಯಿ ಚಪ್ಪಲಿ ಬೇಡ. ಬಲಹೀನ ಪಾದಕ್ಕೆ ಅದನ್ನು ಹಿಡಿದಿಡಲಾಗದು. ಹಿಮ್ಮಡಿಗೆ ಪಟ್ಟಿ ಇರುವ ಪಾದರಕ್ಷೆ ಕೊಡಿ. ಊರುಗೋಲು ಸರಿಯಿರುವ ಕೈಯಲ್ಲಿ, ಮಣಿಕಟ್ಟಿನ ಎತ್ತರಕ್ಕಿರಲಿ. ತುದಿಯ ರಬ್ಬರು ಸವೆದರೆ ಬದಲಿಸಿ.

ತೋಟಕ್ಕೆ ಹೋಗುವ ಆಸೆ ಕೃಷಿಕನನ್ನು ಬಿಡದು. ಅಂಗಳದಾಚೆಯ ಸಮದಾರಿಯಲ್ಲಿ ಜೊತೆಗೊಬ್ಬರಿದ್ದು ನಡೆಯಲಿ, ತರಕಾರಿ ಸಾಲಿಗೆ ನೀರು ಬಿಡಲಿ. ಸಂಕ ದಾಟುವುದು, ಬಾವಿಕಟ್ಟೆ, ಏಣಿ, ದೋಟಿ, ಮದ್ದು ಬಿಡುವುದು, ಹುಲ್ಲು ಕತ್ತರಿಸುವ ಯಂತ್ರ, ಇವಕ್ಕೆ ವೈದ್ಯರು ಮತ್ತು ಫಿಸಿಯೋಥೆರಪಿಸ್ಟರು ಒಪ್ಪುವ ತನಕ ಬೇಡವೇ ಬೇಡ.

ನಮ್ಮ ಧರ್ಮಕೇಂದ್ರ ಏನು ಮಾಡಬಹುದು?

ಕಾಯಿಲೆಯವರನ್ನು ನೋಡಲು ಹಣ್ಣು ಹಿಡಿದುಕೊಂಡು ಹೋಗುವ ಒಳ್ಳೆಯ ರೂಢಿ ನಮ್ಮ ವಾಳೆಗಳಲ್ಲಿದೆ. ಹೋದವರು ಕುಳಿತು ‘ಪಾಪ’ ಎಂದು ಮರುಗುವ ಬದಲು, ಅರ್ಧ ಗಂಟೆ ಅಭ್ಯಾಸಕ್ಕೆ ಜೊತೆ ನಿಲ್ಲಲಿ; ಸೊಸೆಗೂ ಅಷ್ಟು ಹೊತ್ತು ಬಿಡುವು. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಊರುಗೋಲು, ವಾಕರ್, ಗಾಲಿಕುರ್ಚಿಗಳನ್ನು ಸಂಗ್ರಹಿಸಿಟ್ಟು ಬೇಕಾದವರಿಗೆ ಕೊಟ್ಟು ಮರಳಿ ಪಡೆಯಬಹುದು. ವೆಲ್ಡಿಂಗ್ ಬಲ್ಲ ಯುವಕರು ಒಂದು ಭಾನುವಾರ ಕೂಡಿದರೆ ಎರಡು ಮನೆಗೆ ಹಿಡಿಕೆ ಹಾಕಬಹುದು. ಇಗರ್ಜಿಯ ಮೆಟ್ಟಿಲಿಗೂ ಒಂದು ಹಿಡಿಕೆ ಇರಲಿ. ಮೊಣಕಾಲೂರಲು ಆಗದವರು ಕುಳಿತೇ ಪೂಜೆಯಲ್ಲಿ ಭಾಗವಹಿಸಿದರೆ ಯಾರೂ ತಿರುಗಿ ನೋಡದಿರಲಿ.

ಲಕ್ವ ಹೊಡೆದ ಎಲ್ಲರೂ ಮೊದಲಿನಂತೆ ಆಗುತ್ತಾರೆಂದು ಆಸೆ ತೋರಿಸುವುದು ಸುಳ್ಳಾಗುತ್ತದೆ. ಕೆಲವರಿಗೆ ಹಾನಿ ದೊಡ್ಡದಿರುತ್ತದೆ. ಅವರನ್ನು ಕುಳ್ಳಿರಿಸಿ ಗೌರವದಿಂದ ನೋಡಿಕೊಳ್ಳುವುದೇ ಸರಿಯಾದ ಆರೈಕೆ. ಆದರೆ ಯಾರು ನಿಲ್ಲಬಲ್ಲರು, ಯಾರು ನಿಲ್ಲಲಾರರು ಎಂಬುದನ್ನು ಪ್ರಯತ್ನಿಸಿ ನೋಡಿದ ಮೇಲೆ ತೀರ್ಮಾನಿಸಬೇಕು, ಪ್ರಯತ್ನಕ್ಕೆ ಮೊದಲೇ ಅಲ್ಲ. ಆದುದರಿಂದ ನಿಮ್ಮವರು ಆಸ್ಪತ್ರೆಯಿಂದ ಹೊರಡುವ ದಿನ ಬಿಲ್ಲು ಕಟ್ಟಿ ಚೀಟಿ ತೆಗೆದುಕೊಂಡು ಹಾಗೆಯೇ ಬರಬೇಡಿ. ‘ಇವರನ್ನು ಎಂದಿನಿಂದ ನಿಲ್ಲಿಸಬೇಕು? ಯಾರು ಕಲಿಸುತ್ತಾರೆ? ಮನೆಯ ಹತ್ತಿರ ಆ ಸೇವೆ ಎಲ್ಲಿದೆ?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆಸಿಕೊಂಡು ಬನ್ನಿ. ಮರುದಿನವೇ ಪಂಚಾಯತಿನ ಪಾಲಿಯೇಟಿವ್ ದಾದಿಗೆ ಹೆಸರು ಕೊಡಿ.